ಚುಕ್ಕೆಯಿಲ್ಲದ ಮೂರು ನಿಂಬೆ

ಹೊಸ ಸ್ಕೂಟರಿನ ಎರಡೂ ಚಕ್ರಗಳಡಿ ನಿಂಬೆಹಣ್ಣು ಪಚಕ್ಕೆಂದಾಗ ಬಿಂದುಮಾಧವನ ಮೂಗಿಗೆ ಪರಿಚಯದ ಘಮ ಬಡಿಯಿತು. ಗಾಡಿ ನಿಲ್ಲಿಸಿ ಬಗ್ಗಿ ನೋಡಿದ.

"ತುಂಗಾ, ಈ ಹಣ್ಣು ಎಲ್ಲಿಂದ ತಂದಿ?"

"ನೀವಽ ನಿನ್ನೆ ತಂದು ಅಡಗಿಮನ್ಯಾಗ ಇಟ್ಟಿದ್ರಲ್ಲ. ಪೇಟ್ಯಾಗಿನ ಹಣ್ಣಿಗೆಲ್ಲಾ ಕಜ್ಜಿ ಹತ್ತೇದ. ಪೂಜಾಕ್ಕ ಚುಕ್ಕಿ ಇದ್ದ ಹಣ್ಣು ನಡೀತದೇನ್ರಿ?" ಎಂದಳು ಹೆಂಡತಿ, ಆರತಿ ತಟ್ಟೆ ಹಿಡಿದುಕೊಂಡೇ.

ಅಲ್ಲಿಗೆ ಬಿಂದುಮಾಧವನ ಸಂಶೋಧನೆ ಪರ್ವರಿ ಊರಿನ ಡಾಂಬರು ರಸ್ತೆಗೆ ಅಂಟಿಕೊಂಡಿತು. ಧಾರವಾಡದಿಂದ ಗೋವೆಯ ಸಂಶೋಧನಾ ಕೇಂದ್ರಕ್ಕೆ ಬಂದು ಇವನು ಮಾಡಿದ್ದು ಒಂದೇ ಕೆಲಸ: ನಿಂಬೆ ಗಿಡಗಳಿಗೆ ಬೇಕೆಂದೇ ಕಜ್ಜಿರೋಗದ ಬ್ಯಾಕ್ಟೀರಿಯಾ ಚುಚ್ಚಿ, ಯಾವುದು ತಡೆದುಕೊಳ್ಳುತ್ತದೆ ಎಂದು ಕಾಯುವುದು. ಒಂದೇ ಒಂದು ಗಿಡ ತಡೆದುಕೊಂಡಿತು. ಆದರೆ ಅದರ ಎಲೆಯಲ್ಲೂ ಒಣಗಿದ ಚುಕ್ಕೆಗಳಿದ್ದವು. ಅದನ್ನೇ ರೋಗವೆಂದುಕೊಂಡ ಕೇಂದ್ರದ ಸಾಹೇಬರು ಇಡೀ ಸಾಲು ಕಡಿಸಿ ಸುಡಿಸಿದರು. ಸಾಹೇಬರಿಗೆ ಬುದ್ಧಿ ಹೇಳುವ ಧೈರ್ಯ ಯಾವ ಗಂಡಸಿಗಿದೆ? ಆ ಗಿಡದ್ದೆಂದು ಉಳಿದದ್ದು, ಕಡಿಯುವ ಮುನ್ನ ಇವನು ಕಿತ್ತು ತಂದಿದ್ದ ಮೂರು ಹಣ್ಣು ಮಾತ್ರ. ಎರಡು ಬೀಜಸಮೇತ ಅಪ್ಪಚ್ಚಿಯಾಗಿದ್ದವು. ಮೂರನೆಯದು ಮೆಣಸಿನಕಾಯಿಗಳ ಜೊತೆ ಹ್ಯಾಂಡಲಿಗೆ ನೇತಾಡುತ್ತಿತ್ತು.

ಬಿಂದುಮಾಧವ ಅದಕ್ಕೆ ಕೈ ಹಾಕಿದ. ತುಂಗಾ ತಡೆದಳು.

"ಏನ್ ಮಾಡಲಿಕ್ಕತ್ತೀರಿ? ದೃಷ್ಟಿ ತಾಗಬಾರದಂತ ಕಟ್ಟಿದ್ದು, ಬಿಚ್ಚತಾರೇನು?"

"ಅದರ ಬೀಜ ಬೇಕು ನಮ್ಮವ್ವಾ! ಆ ಗಿಡದ ಜೀನಿನ್ಯಾಗಽ ಅಪ್ಪಣಿ ಅದ. ಬ್ಯಾಕ್ಟೀರಿಯಾ ಒಳಗ ಹೊಕ್ಕ ಕೂಡ್ಲೆ ಅಲ್ಲಿಯ ಜೀವಕೋಶ ತಾವಽ ಸತ್ತುಬಿಡ್ತಾವ, ಎಲಿ ಮ್ಯಾಲಿನ ಒಣ ಚುಕ್ಕಿ ಅವಽ. ತಿನ್ನಲಿಕ್ಕೆ ಏನೂ ಸಿಗದಽ ಬ್ಯಾಕ್ಟೀರಿಯಾ ಉಪಾಸ ಸಾಯ್ತದ. ಗಿಡ ಆರಾಮ!"

"ಅಂದ್ರ ನಾಕು ಕೋಶ ಸತ್ತು ಗಿಡಾ ಉಳಸ್ತಾವ."

"ಹೌದು. ಇದು ವಿಜ್ಞಾನ."

"ನಾ ಎರಡು ಹಣ್ಣು ಸಾಯಿಸಿ ಗಂಡನ್ನ ಉಳಿಸಿಕೊಂಡ್ರ ಮೂಢನಂಬಿಕಿ?"

ಪಿಎಚ್‌ಡಿಗೆ ಪರೀಕ್ಷಕನಾಗಿ ಕೂತ ಯಾವ ಮಹಾಶಯನೂ ಬಿಂದುಮಾಧವನಿಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಆದರೂ ಹಟ ಬಿಡಲಿಲ್ಲ. ದಾರ ಹರಿದು ಹಣ್ಣು ಬಿಚ್ಚಿಕೊಂಡು, ಒದ್ದೆ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದ.

"ಒಯ್ರಿ," ಎಂದಳು ತುಂಗಾ. ಅವಳ ಕಣ್ಣು ತುಂಬಿತ್ತು. "ಮಾಂಡವಿ ಸೇತುವಿ ಮ್ಯಾಲೆ ಲಾರಿ ಭಾಳ ಓಡಾಡ್ತಾವ. ನೋಡಿಕೊಂಡು ಹೋಗ್ರಿ."

"ಹುಚ್ಚಿ! ಲಾರಿಗೂ ನಿಂಬೆಹಣ್ಣಿಗೂ ಏನು ಸಂಬಂಧ?" ಎಂದು ನಕ್ಕು ಸ್ಕೂಟರ್ ಏರಿದ. ಕಿಕ್ ಹೊಡೆಯಲು ಕಾಲೆತ್ತಿದ. ಬೋಳು ಹ್ಯಾಂಡಲ್ ಕಣ್ಣಿಗೆ ಬಿತ್ತು. ಕಾಲು ಮೆಲ್ಲಗೆ ಕೆಳಗಿಳಿಯಿತು.

"ಪೆಟ್ರೋಲ್ ಕಡಿಮಿ ಅದ. ಇವತ್ತ ಬಸ್ಸಿಗೆ ಹೋಗ್ತೇನಿ," ಎಂದ, ನಿನ್ನೆ ಸಂಜೆಯಷ್ಟೇ ಟಾಕಿ ತುಂಬಿಸಿ ತಂದಿದ್ದ ವಿಜ್ಞಾನಿ.