ಭರಮಣ್ಣನ ಢಂ

"ಒಂದ ಗುಂಡು ಲೇ! ಮತಂಗ ಗುಡ್ಡ ಸುತ್ತಿ, ಹೊಳಿ ದಾಟಿ, ಹೊಳ್ಳಿ ಬಂದು ಚಿರತಿ ಎದಿಗೆ ಬಡೀತು. ಬರೋ ದಾರ್‍ಯಾಗ ಎರಡು ಹಂದಿ ಬ್ಯಾರೆ!"

ಕಡ್ಡಿರಾಂಪುರದ ಕೊಟ್ರಯ್ಯನ ಚಹಾದಂಗಡಿಯಲ್ಲಿ ಭರಮಣ್ಣ ಮೀಸೆ ತಿರುವಿದ ರಭಸಕ್ಕೆ ಒಲೆಯೇ ಆರುವಂತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಪೇದೆ ಹುಲಿಗೇಶ್ ಕಾಣಿಸಿದ. ಕೈಯಲ್ಲಿ ಭರಮಣ್ಣನ ಮನೆಯಿಂದ ತಂದ ಬಂದೂಕು. ಜೊತೆಗೆ ಪೊಲೀಸ್ ಪ್ರಯೋಗಾಲಯದ ಪಂಪಾವತಿ ಮೇಡಂ.

"ಸತ್ತ ಚಿರತೆಯ ಪಕ್ಕ ಇದು ಸಿಕ್ಕಿದೆ," ಎಂದು ಮೇಡಂ ಚೀಲದೊಳಗಿನ ಖಾಲಿ ಕಾಡತೂಸು ತೋರಿಸಿದರು. "ಇದರ ತಳದ ಮೇಲೆ ಬಂದೂಕಿನೊಳಗಿನ ಮೊಳೆ ಬಡಿದ ಗುರುತಿದೆ. ಹೆಬ್ಬೆಟ್ಟಿನ ಗುರುತು ಇದ್ದಂಗೆ, ಒಂದು ಬಂದೂಕಿನದ್ದು ಇನ್ನೊಂದಕ್ಕೆ ಹೊಂದಲ್ಲ. ನಿಮ್ಮ ಬಂದೂಕಿನಿಂದ ಒಂದು ಹಾರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀವಿ. ಹೊಂದಿದರೆ ಜೈಲು."

"ಹಾರಿಸ್ರಿ ಮೇಡಂ!" ಭರಮಣ್ಣ ಎದೆ ಉಬ್ಬಿಸಿದ. "ಖರೆ, ದೂರ ನಿಂತು ಹಾರಿಸ್ರಿ. ಹಂಪಿ ಬಂಡಿಗಲ್ಲೆಲ್ಲಾ ಉರುಳ್ಯಾವು."

ಮೇಡಂ ಬಂದೂಕು ತೆರೆದು ನಳಿಕೆಗೆ ಕಣ್ಣಿಟ್ಟರು. ಆಚೆ ಬದಿಯ ಬೆಳಕು ಕಾಣಲಿಲ್ಲ. ಕಡ್ಡಿ ತೂರಿಸಿದರು. ಕಣಜದ ಹುಳ ಕಟ್ಟಿದ ಗೂಡಿನ ಒಣಮಣ್ಣು ಬೊಗಸೆ ತುಂಬ ಉದುರಿತು. ಭರಮಣ್ಣನ ಬಾಯಲ್ಲಾದರೆ ಬಂಡಿ ತುಂಬ.

"ಇದು ಗುಂಡಿನ ಮುಖ ನೋಡಿ ವರ್ಷಗಳಾಗಿವೆ. ಚಿರತೆ ಸತ್ತಿದ್ದು ಮೊನ್ನೆ."

ಅಂಗಡಿ ಗೊಳ್ಳೆಂದಿತು. ಹುಲಿಗೇಶ್ ಮಾತ್ರ ನಗಲಿಲ್ಲ. "ನಿಂದರ್ರಿ ಮೇಡಂ. ಇವನ ಬಾಳಿ ತ್ವಾಟದಾಗ ದಿನಾ ರಾತ್ರಿ ಢಂ ಅಂತದ, ಊರೆಲ್ಲಾ ಕೇಳ್ಯಾರ. ಲೇ ಭರಮ್ಯಾ, ಇನ್ನೊಂದು ಬಂದೂಕು ಎಲ್ಲಿ ಬಚ್ಚಿಟ್ಟಿ? ಹೇಳ್ತೀಯೋ, ಜೀಪು ಹತ್ತೀಯೋ?"

"ಇನ್ನೊಂದು ಎಲ್ಲೈತೋ ಮಾರಾಯಾ!" ಭರಮಣ್ಣ ಕೊಟ್ರಯ್ಯನ ಖಾಲಿ ಕೊಡ ಕಸಿದುಕೊಂಡು ಅದರ ಬಾಯಿಗೆ ತನ್ನ ಬಾಯಿ ಹಚ್ಚಿದ.

ಢಂ!

ಹುಲಿಗೇಶ್ ಬೆಂಚಿನ ಕೆಳಗಿದ್ದ. ಬೇವಿನ ಮರದ ಕಾಗೆಗಳು ಅಷ್ಟೊತ್ತಿಗೆ ಕಂಪ್ಲಿ ತಲುಪಿರಬೇಕು.

"ಹಂದಿ ಓಡ್ಸಾಕ ಇದ ರೀ ನನ್ನ ಬಂದೂಕು," ಎಂದ ಭರಮಣ್ಣ, ಮತ್ತೆ ಮೀಸೆಗೆ ಕೈ ಹಾಕುತ್ತ.

"ಹಂಗಾದ್ರೆ ಚಿರತೆಗೂ ಹಿಂಗೇ ಹೊಡೆದ್ರಾ?" ಮೇಡಂ ನಗು ತಡೆದು ಕೇಳಿದರು.

ಮೀಸೆಯ ಮೇಲಿನ ಕೈ ಕೆಳಗಿಳಿಯಿತು. ಭರಮಣ್ಣ ಕೊಡವನ್ನು ಸದ್ದಾಗದಂತೆ ನೆಲಕ್ಕಿಟ್ಟ.

"ಖರೇ ಹೇಳ್ತೀನ್ರಿ ಮೇಡಂ. ಅದು ತ್ವಾಟದಾಗ ಒಂದಿನ ಎದುರಿಗೇ ಬಂದು ನಿಂತಿತ್ತು. ಕೊಡ ಕೈಯಾಗ ಇತ್ರಿ... ಬಾಯಿಂದ ಗಾಳಿ ಸೈತ ಬರಲಿಲ್ಲ."