ಗೋಡೆಯಾಚೆಗೆ ಕೇಳುವಂತೆ

ಹಿತ್ತಲ ಬಾಗಿಲಿನಿಂದ ನುಗ್ಗಿದವನ ಮುಖಕ್ಕೆ ಟವೆಲು ಸುತ್ತಿತ್ತು. ಕೈಯಲ್ಲಿ ಚೂರಿ ಇತ್ತು.

“ಚರ್ಚಿನ ಬೆಳ್ಳಿ ಪಾತ್ರಿ ಎಲ್ಲೈತಿ?”

ಭಾನುವಾರದ ಪ್ರಭುಭೋಜನಕ್ಕೆ ಬೆಳಗಿ ಕೊಡಲೆಂದು ಸಭೆಯವರು ನಂಬಿ ಒಪ್ಪಿಸಿದ್ದ ಪಾತ್ರೆ ಅದು. ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿ ಗಡಿಯಾರದತ್ತ ನೋಡಿದಳು.

“ಕಪಾಟಿನಾಗೈತಿ, ತಗಿತೀನಪ್ಪಾ. ಆದ್ರ ದಿನದ ಧ್ಯಾನ ಜೋರಾಗಿ ಓದೋ ಹೊತ್ತಾತು. ಓದ್ಲಿಲ್ಲಂದ್ರ ಮುದುಕಿಗೆ ಏನಾತೋ ಅಂತ ಪಕ್ಕದ ಮನಿ ಟೀಚರು ಓಡಿ ಬರ್ತಾಳ.”

ಅವನು ಗೋಡೆಯತ್ತ ನೋಡಿದ. “ಓದು. ಪುಸ್ತಕದಾಗಿಲ್ಲದ ಒಂದ್ ಮಾತು ಬಂತಂದ್ರ ನೋಡ್ ಮತ್ತ!”

ದಿನಕ್ಕೊಂದು ಪುಟದ ಅದೇ ಧ್ಯಾನದ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಟೀಚರು ಗೋಡೆಯಾಚೆ ದಿನವೂ ಸಾಲು ಸಾಲನ್ನೂ ಹಿಂಬಾಲಿಸುತ್ತಿದ್ದಳು. ಒಂದು ಪದ ತಪ್ಪಿದರೂ ಬಂದು ವಿಚಾರಿಸದೆ ಬಿಡುವ ಹೆಂಗಸಲ್ಲ. ಮುದುಕಿ ತನ್ನ ಪುಸ್ತಕ ತೆರೆದು, ಮೆಲ್ಲಗೆ ಒಂದು ಹಾಳೆಯನ್ನು ಹಿಂದಕ್ಕೆ ಮಗುಚಿ, ನಿನ್ನೆಯ ಪುಟವನ್ನು ಓದತೊಡಗಿದಳು.

“ದಣಿದವನೇ, ಕತ್ತಲು ನಿನ್ನ ದಾರಿಯನ್ನು ಮುಚ್ಚಬಹುದು, ನಿನ್ನನ್ನು ಕರೆಯುವ ದನಿಯನ್ನು ಮುಚ್ಚಲಾರದು...”

ಅವನ ತಲೆ ತಾನಾಗಿ ಬಾಗಿತು. ಚೂರಿಯ ತುದಿ ನೆಲದತ್ತ ಇಳಿಯಿತು. ಕೇಳಿಸಿಕೋ ಟೀಚರಮ್ಮಾ, ಪುಟ ತಪ್ಪಿದೆಯೆಂದು ತಿಳಿದುಕೋ ಎಂದು ಒಳಗೊಳಗೇ ಮೊರೆಯಿಡುತ್ತ ಅವಳು ದನಿಯನ್ನು ಇನ್ನಷ್ಟು ಏರಿಸಿದಳು. ಗೋಡೆಯಾಚೆ ಕುರ್ಚಿ ಸರಿದ ಸದ್ದಿಗಾಗಿ ಅವಳ ಮೈಯೆಲ್ಲ ಕಿವಿಯಾಗಿತ್ತು.

ಅವನು ಬಾಗಿದ ತಲೆಯನ್ನು ಎತ್ತಲಿಲ್ಲ. ಚೂರಿಯ ತುದಿಯಿಂದ ಹಾಳೆಯನ್ನು ಮುಂದಕ್ಕೆ ತಿರುವಿ, ಪಿಸುದನಿಯಲ್ಲಿ ಹೇಳಿದ:

“ಅದು ನಿನ್ನೀದು, ಅಜ್ಜಿ. ಇವತ್ತಿಂದು ನಮ್ಮವ್ವಗ ಓದಿ ಹೇಳೇ ಬಂದೀನಿ.”