ಇಳಿಯದ ಹಲಗೆ

ಅಣ್ಣನನ್ನು ಮುಳುಗಿಸಿದ ಹಾಯಿದೋಣಿಯನ್ನು ಬೊಮ್ಮಯ್ಯ ದಂಡೆಯ ಮೇಲೆ ಮಗ್ಗುಲಾಗಿ ಮಲಗಿಸಿ, ತಳದ ಸೀಳಿಗೆ ಸಲಾಕೆ ತೂರಿದ. ಗಾಳಿಗೆ ದೋಣಿ ಮಗುಚದಂತೆ ಆ ಸೀಳಿನಿಂದ ನೀರಿಗಿಳಿಯಬೇಕಾದ ನಡುಹಲಗೆ ಅವತ್ತು ಇಳಿದಿರಲಿಲ್ಲ. ಈಗಲೂ ಕಚ್ಚಿಕೊಂಡೇ ಇತ್ತು.

“ಇಳೀದೇ ಇದ್ರೆ ಬಿಡಾ ತಮಾ. ನೀನಾದ್ರೂ ಮನೇಲಿರು,” ಎಂದಳು ಮೀನು ಒಣಹಾಕುತ್ತಿದ್ದ ತಾಯಿ.

“ಮನೇಲಿ ಕೂತು ನಿನ್ನ ಕೋಳಿ ಕಾಯೂದಾ?”

ಸಲಾಕೆಗೆ ಸಿಕ್ಕಿ ಬಂದದ್ದು ಮರಳಲ್ಲ, ಕೆಂಪಂಚಿನ ಬಟ್ಟೆಯ ಉಂಡೆ.

“ನೋಡೇ ಅವ್ವ! ಸೀಳಿಂದ ನೀರು ಒಳಗೆ ಚಿಮ್ಮಬಾರ್ದು ಅಂತ ಅಣ್ಣ ತುರುಕಿದ್ದು. ತೆಗಿಯೂಕೆ ಮರ್ತ, ಮರೆಗುಳಿ! ಹಲಗೆ ಇಳೀತದಾ ಅಂತ್ಲೂ ನೋಡ್ದೇ ಹೋದ.”

ತಾಯಿ ಎದ್ದು ಬಂದು ಬಟ್ಟೆಯನ್ನು ಇಸಿದುಕೊಂಡು ಮಡಿಲಿಗೆ ಹಾಕಿಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು: “ನೀನು ನೋಡ್ದೇ ಹೋಗೂದಿಲ್ಲ ಅಲಾ?”

“ಇಲ್ಲ ಮಾರಾಯ್ತಿ. ದಂಡೆ ಹತ್ರಾನೇ ಇಳ್ಸಿ ನೋಡ್ತೆ. ಇಳೀದಿದ್ರೆ ದೋಣಿ ಬಿಡೂದೇ ಇಲ್ಲ.”

ಸಂಜೆಯವರೆಗೂ ಹಲಗೆಗೆ ಅಂಟಿದ ಚಿಪ್ಪು ಕೆರೆದು, ಮೀನೆಣ್ಣೆ ಸವರಿ, ಹಗ್ಗ ಬಿಟ್ಟರೆ ಸರಾಗವಾಗಿ ಇಳಿಯುವಂತೆ ಮಾಡಿದ.

ಬೆಳಿಗ್ಗೆ ಸೊಂಟದುದ್ದದ ನೀರಿನಲ್ಲಿ ದೋಣಿ ನಿಲ್ಲಿಸಿ ಹಗ್ಗ ಸಡಿಲಿಸಿದ. ಹಲಗೆ ಇಳಿಯಲಿಲ್ಲ. ಸೀಳಿಗೆ ಕೈಹಾಕಿದಾಗ ಬೆರಳಿಗೆ ಸಿಕ್ಕಿದ್ದು ನಿನ್ನೆ ತಾಯಿ ಮಡಿಲಿಗೆ ಹಾಕಿಕೊಂಡಿದ್ದ ಕೆಂಪಂಚಿನ ಬಟ್ಟೆ.